ಗೋಡೆಗೆ ಇನ್ನೊಂದು ಕೈ

ಅಂತರರಾಷ್ಟ್ರೀಯ ಈಜು ಸ್ಪರ್ಧೆಯೊಂದರ ಫೈನಲ್‌ನಲ್ಲಿ ನಾನು ಎಂಟನೆಯವನಾಗಿ ಬಂದೆ. ಈಜಿದವರು ಎಂಟೇ ಜನ. ಇಷ್ಟು ಹೇಳುವಷ್ಟರಲ್ಲಿ ಕೇಳುವವರು ನಕ್ಕುಬಿಡುತ್ತಾರೆ, ನಗಲಿ. ಆ ಎಂಟನೆಯ ಜಾಗಕ್ಕಾಗಿ ಅದೇ ದಿನ ಮಧ್ಯಾಹ್ನದ ಹೊತ್ತಿಗೆ, ಒಬ್ಬನೇ ಒಬ್ಬ ಎದುರಾಳಿಯೊಡನೆ ನಾನು ಇನ್ನೊಮ್ಮೆ ಈಜಿ ಗೆಲ್ಲಬೇಕಾಯಿತು. ಜೀವಮಾನದಲ್ಲಿ ನಾನು ಗೆದ್ದ ದೊಡ್ಡ ಸ್ಪರ್ಧೆ ಅದೊಂದೇ. ಅದಕ್ಕೀಗ ನಲವತ್ತೇಳು ವರ್ಷ.

ನನ್ನದು ನೂರು ಮೀಟರ್ ಬ್ಯಾಕ್‌ಸ್ಟ್ರೋಕ್. ಅಂಗಾತ ಮಲಗಿ ಈಜುವವನಿಗೆ ತಾನು ಹೋಗುತ್ತಿರುವ ಗೋಡೆ ಕಾಣುವುದಿಲ್ಲ. ಆದ್ದರಿಂದ ಗೋಡೆಯಿಂದ ಐದು ಮೀಟರ್ ಈಚೆಗೆ, ಕೊಳದ ಅಡ್ಡಕ್ಕೆ ಒಂದು ಹಗ್ಗ ಎಳೆದು ಸಣ್ಣ ಬಾವುಟಗಳನ್ನು ತೂಗುಬಿಟ್ಟಿರುತ್ತಾರೆ. ಬಾವುಟ ಕಣ್ಣ ಮೇಲೆ ಹಾಯ್ದ ಕ್ಷಣದಿಂದ ಈಜುಗಾರ ತನ್ನ ಕೈಬೀಸುಗಳನ್ನು ಎಣಿಸುತ್ತಾನೆ. ನನ್ನ ಲೆಕ್ಕ ಮೂರು ಕೈ, ನಾಲ್ಕನೆಯದಕ್ಕೆ ಗೋಡೆ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಅದನ್ನೇ ಹೇಳುತ್ತಿದ್ದೆ.

ಆ ಲೆಕ್ಕ ಕಲಿತದ್ದು ಕಾಗದದ ಕಾರ್ಖಾನೆಯ ಕೊಳದಲ್ಲಿ. ಅಲ್ಲಿ ನಾನು ಹಾಳೆಗಳನ್ನು ಕಟ್ಟುಕಟ್ಟುವ ವಿಭಾಗದಲ್ಲಿದ್ದೆ. ಅಪ್ಪ ಕೊಳದ ಪಂಪ್ ಮನೆಯನ್ನು ನೋಡಿಕೊಳ್ಳುತ್ತಿದ್ದರು. ನೀರು ಸೋಸುವುದು, ಪಾಚಿ ಉಜ್ಜುವುದು, ಔಷಧಿ ಬೆರೆಸುವುದು ಎಲ್ಲ ಅವರದೇ. ಬಾವುಟಗಳನ್ನೂ ಅವರೇ ಹಳೆಯ ಅಂಗಿಗಳಿಂದ ಕತ್ತರಿಸಿ, ಅಮ್ಮನ ಹೊಲಿಗೆ ಯಂತ್ರದ ಮುಂದೆ ಕುಳಿತು ಅಂಚು ಹೊಲಿದಿದ್ದರು. "ನನ್ನ ಮಗ ಈಜೋದು ನನ್ನ ಅಂಗಿ ನೋಡ್ಕೊಂಡು" ಎಂದು ಕಂಡಕಂಡವರಿಗೆಲ್ಲ ಹೇಳುತ್ತಿದ್ದರು. ನಮ್ಮ ಕಡೆಯ ಉಳಿದ ಕೊಳಗಳಲ್ಲಿ ಬಾವುಟವೇ ಇರುತ್ತಿರಲಿಲ್ಲ. ಅಲ್ಲಿ ಕತ್ತು ಹೊರಳಿಸಿ ಗೋಡೆ ನೋಡಿಕೊಳ್ಳಬೇಕಾಗುತ್ತಿತ್ತು. ಹೀಗಾಗಿ ಅಪ್ಪನ ಕೊಳವೆಂದರೆ ನಮಗೆಲ್ಲ ಹೆಮ್ಮೆ.

ನನಗೆ ತರಬೇತಿ ಕೊಟ್ಟವರನ್ನು ಊರೆಲ್ಲ ಅಂಚೆ ಮಾಮ ಎನ್ನುತ್ತಿತ್ತು. ಹಗಲು ಅಂಚೆ ಕಚೇರಿಯ ಕಿಟಕಿಯಲ್ಲಿ ತಂತಿಯ ಪದಗಳನ್ನೆಣಿಸುತ್ತಿದ್ದ ಅವರು, ಸಂಜೆಯೂ ಪದಗಳನ್ನು ಎಣಿಸಿಯೇ ಮಾತಾಡುತ್ತಿದ್ದರು. ಬೂಟು ಕಳಚಿ ನೀರಿಗೆ ಕಾಲಿಟ್ಟದ್ದನ್ನು ಯಾರೂ ಕಂಡಿರಲಿಲ್ಲ.

ಸ್ಪರ್ಧೆ ನಡೆಯುವ ದೂರದ ಊರನ್ನು ಮಾಮ, ನಾನು ಇಬ್ಬರೂ ಮುಟ್ಟಿದ್ದು ಹಿಂದಿನ ದಿನ. ಅಭ್ಯಾಸಕ್ಕೆ ಸಿಕ್ಕದ್ದು ಅರ್ಧ ಗಂಟೆ. ಅದೂ ಸಂತೆಯಂಥ ಗುಂಪಿನಲ್ಲಿ ನಿಧಾನವಾಗಿ ಈಜಬೇಕು. ಎರಡು ಸಲ ಕೈ ಗೋಡೆಗೆ ಎಟುಕಲಿಲ್ಲ. ಪ್ರಯಾಣದ ದಣಿವೆಂದುಕೊಂಡೆ.

ಮರುದಿನದ ಅರ್ಹತಾ ಸುತ್ತಿನಲ್ಲಿ ನಿಜ ಬಯಲಾಯಿತು. ಮೊದಲ ಐವತ್ತು ಮೀಟರ್‌ನಲ್ಲಿ ನಾನು ಪಕ್ಕದ ಸಾಲಿನವನಿಗಿಂತ ಒಂದು ಭುಜದಷ್ಟು ಮುಂದಿದ್ದೆ. ಬಾವುಟ ಹಾಯಿತು, ಮೂರು ಎಣಿಸಿ, ನಾಲ್ಕನೆಯ ಕೈಯನ್ನು ಗೋಡೆಗೆಂದು ಚಾಚಿದೆ. ಗೋಡೆಯಿಲ್ಲ. ಚಾಚಿದ ಕೈ ಚಾಚಿದಂತೆಯೇ ನೀರಲ್ಲಿ ತೇಲಿಕೊಂಡು ಹೋಗಿ ಮುಟ್ಟುವಷ್ಟರಲ್ಲಿ ಪಕ್ಕದವನು ತಿರುಗಿ ಹೊರಟುಹೋಗಿದ್ದ. ಕೊನೆಯಲ್ಲೂ ಅದೇ ಕತೆ. ಎಲ್ಲರ ಸಮಯ ಹಲಗೆಯ ಮೇಲೆ ಮೂಡಿದಾಗ, ಎಂಟನೆಯ ಸ್ಥಾನದೆದುರು ಎರಡು ಹೆಸರುಗಳಿದ್ದುವು: ನನ್ನದೊಂದು, ಬೇರೆ ದೇಶದ ಒಬ್ಬ ಉದ್ದನೆಯವನದೊಂದು. ಸೆಕೆಂಡಿನ ನೂರನೆಯ ಭಾಗದಷ್ಟೂ ವ್ಯತ್ಯಾಸವಿಲ್ಲ. ಒಂದು ಗಂಟೆ ಬಿಟ್ಟು ಇಬ್ಬರೂ ಮತ್ತೆ ಈಜಬೇಕು, ಗೆದ್ದವನಿಗೆ ಫೈನಲ್ ಎಂದರು.

ಬಟ್ಟೆ ಬದಲಿಸುವ ಕೋಣೆಯ ಬೆಂಚಿನ ಮೇಲೆ ಟವೆಲ್ ಹೊದ್ದು ಕುಳಿತಿದ್ದೆ. ಅಂಚೆ ಮಾಮ ಒಳಗೆ ಬಂದರು.

"ಹಗ್ಗದಿಂದ ಗೋಡೆಗೆ ಏಳೂವರೆ ಹೆಜ್ಜೆ" ಎಂದರು.

"ಅದಕ್ಕೇನು ಈಗ?"

"ನಮ್ಮಲ್ಲಿ ಆರು. ದಿನಾ ಸಂಜೆ ನಡೆದಿದ್ದೀನಿ."

ನನಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದ ಮೇಲೆ ರೇಗಿತು. "ಇಲ್ಲಿಯವರು ತಪ್ಪು ಕಟ್ಟಿರ್ಬೇಕು ಮಾಮ. ಅಪ್ಪ ಕಟ್ಟಿದ್ದು ತಪ್ಪೋಕೆ ಸಾಧ್ಯವೇ ಇಲ್ಲ."

"ಇಲ್ಲಿ ಟೇಪ್ ಹಿಡಿದು ಅಳೀತಾರೆ. ನಾನೇ ಕೇಳ್ಕೊಂಡು ಬಂದೆ. ಐದು ಮೀಟರ್ ಅಂದ್ರೆ ಐದೇ."

"ಹಾಗಾದ್ರೆ ಅಪ್ಪ..."

"ನಿಮ್ಮಪ್ಪನ ಜೊತೆ ಆಮೇಲೆ ಜಗಳ ಆಡೋಣ. ಈಗ ನಿನಗೆ ಒಂದು ಕೈ ಜಾಸ್ತಿ ಬೇಕು. ಅಷ್ಟೇ."

ಅಷ್ಟೇ ಎನ್ನುವುದು ಸುಲಭ. ಒಂಬತ್ತು ವರ್ಷ ದಿನಕ್ಕೆ ನೂರು ಸಲ ಎಣಿಸಿದ್ದನ್ನು ಒಂದು ಗಂಟೆಯಲ್ಲಿ ಮರೆಯುವುದು ಹೇಗೆ? ತಲೆ ನಾಲ್ಕು ಎಂದರೂ ತೋಳು ಮೂರಕ್ಕೇ ನಿಲ್ಲುತ್ತಿತ್ತು. ಬೆಂಚಿನ ಮೇಲೆ ಅಂಗಾತ ಮಲಗಿಸಿಕೊಂಡು ಮಾಮ ನನ್ನ ಕೈ ಬೀಸಿಸಿ ನೋಡಿದರು. ಐದು ಸಲಕ್ಕೆ ನಾಲ್ಕು ಸಲ ತಪ್ಪಿತು. ಕೊನೆಗೆ ಅವರೇ ಉಪಾಯ ಹುಡುಕಿದರು.

"ಲೆಕ್ಕ ಬದಲಾಯಿಸ್ಬೇಡ. ಬಾವುಟ ಕಂಡಾಗ ಮನಸ್ಸಲ್ಲಿ 'ಇರು' ಅನ್ನು, ಒಂದು ಕೈ ಹಾಕು. ಆಮೇಲೆ ನಿನ್ನ ಮೂರು ಎಣಿಸ್ಕೋ."

ಇರು, ಒಂದು, ಎರಡು, ಮೂರು. ಮತ್ತೆ ಇರು. ಪಕ್ಕದ ಬೆಂಚಿನ ಮೇಲೆ ಆ ಉದ್ದನೆಯವನು ಬಾಳೆಹಣ್ಣು ತಿನ್ನುತ್ತ, ನಮ್ಮಿಬ್ಬರಿಗೂ ತಲೆ ಕೆಟ್ಟಿದೆಯೆಂಬಂತೆ ನೋಡುತ್ತಿದ್ದ.

ನಾವು ನೀರಿಗಿಳಿಯುವ ಹೊತ್ತಿಗೆ ಪ್ರೇಕ್ಷಕರು ಊಟಕ್ಕೆ ಎದ್ದುಹೋಗಿದ್ದರು. ಇಬ್ಬರು ಹೆಂಗಸರು ಕುರ್ಚಿಗಳ ಸಾಲು ಗುಡಿಸುತ್ತಿದ್ದರು. ಎಂಟು ಸಾಲುಗಳ ಕೊಳದಲ್ಲಿ ನಡುವಿನ ಎರಡರಲ್ಲಿ ಮಾತ್ರ ನಾವು. ಹೊರಡುವ ಗೋಡೆಯ ಹಿಡಿಗಳನ್ನು ಹಿಡಿದು, ಅದಕ್ಕೇ ಪಾದವೊತ್ತಿ ಮುದುಡಿಕೊಂಡಾಗ ನನ್ನ ಉಸಿರಿನ ಸದ್ದು ನನಗೇ ಜೋರಾಗಿ ಕೇಳುತ್ತಿತ್ತು.

ಉದ್ದನೆಯವನು ಮೊದಲೇ ಮುಂದಾದ. ಆ ಚಾವಣಿಯ ಕಬ್ಬಿಣದ ತೊಲೆಗಳು ಒಂದೊಂದಾಗಿ ಹಿಂದೆ ಸರಿದದ್ದು ಇಂದಿಗೂ ನನ್ನ ಕಣ್ಣಿಗೆ ಕಟ್ಟಿದೆ. ಬಾವುಟ ಬಂತು. ಇರು. ಒಂದು, ಎರಡು, ಮೂರು. ಅಂಗೈಗೆ ತಣ್ಣನೆಯ ಗೋಡೆ! ತಿರುಗಿ ಹೊರಟಾಗ ನಾವು ಸಮಸಮ. ಮರಳುವಾಗ ತೋಳುಗಳು ಸೀಸದಂತಾದುವು, ಹೊಟ್ಟೆಯೊಳಗೆ ಬೆಂಕಿ. ಕೊನೆಯ ಬಾವುಟಗಳು ಹಾಯ್ದಾಗ, ಒಂಬತ್ತು ವರ್ಷಗಳ ಅಭ್ಯಾಸವೆಲ್ಲ ಒಟ್ಟಾಗಿ, ಈಗಲೇ ಎಣಿಸು ಎಂದು ತೋಳನ್ನು ಜಗ್ಗಿತು. ಅಪ್ಪ ತಪ್ಪಿದ್ದಾರೆಂದು ನನ್ನ ಮೈಯೇ ಒಪ್ಪಿಕೊಳ್ಳಬೇಕಾದ ಕ್ಷಣ ಅದು. ಒಪ್ಪಿಕೊಂಡಿತು. ಇರು ಎಂದೆ; ಇನ್ನೊಂದು ಕೈ ಹಾಕಿದೆ.

ನಾನು ಗೆದ್ದದ್ದು ಒಂದು ಬೆರಳಿನಷ್ಟರಲ್ಲಿ. ಗುಡಿಸುತ್ತಿದ್ದವರಲ್ಲೊಬ್ಬಳು ಪೊರಕೆ ಕಂಕುಳಿಗಿಟ್ಟು ಚಪ್ಪಾಳೆ ತಟ್ಟಿದಳು. ಉದ್ದನೆಯವನು ಸಾಲುಗಳ ನಡುವಿನ ಹಗ್ಗದ ಮೇಲಿಂದ ಬಾಗಿ ನನ್ನ ತಲೆ ಸವರಿದ. ಅಂಚೆ ಮಾಮ ಊರಿಗೆ ತಂತಿ ಕೊಡಲು ಹೋದರು. ಸಂಜೆಯ ಫೈನಲ್‌ನಲ್ಲಿ ನನ್ನ ಮೈಯಲ್ಲಿ ಕಸುವೇ ಉಳಿದಿರಲಿಲ್ಲ. ಆದರೂ ಎರಡೂ ಸಲ ಗೋಡೆ ನನ್ನ ಕೈಗೆ ಸರಿಯಾಗಿ ಸಿಕ್ಕಿತು.

ಊರಿಗೆ ಬರುವ ದಾರಿಯುದ್ದಕ್ಕೂ ನನಗೊಂದೇ ಚಿಂತೆ: ಅಪ್ಪನಿಗೆ ಏನೆಂದು ಹೇಳುವುದು? ಹಗ್ಗದ ಸುದ್ದಿಯನ್ನು ಎತ್ತುವುದೇ ಬೇಡವೆಂದು ನಿಶ್ಚಯಿಸಿಕೊಂಡೆ.

ಮನೆಯಲ್ಲಿ ಎಲ್ಲರೂ ಅಡುಗೆಮನೆಯಲ್ಲಿ ಸೇರಿದ್ದರು. ಹನ್ನೊಂದು ವರ್ಷದ ತಂಗಿ ಹಿಟ್ಟಿನ ಡಬ್ಬದ ಮೇಲೆ ಕುಳಿತಿದ್ದಳು. ಚಿಕ್ಕಪ್ಪ ಬಾಗಿಲಿಗೊರಗಿ, "ಎಂಟರಲ್ಲಿ ಎಂಟನೆಯವನಾ? ಅಷ್ಟು ದೂರ ಹೋಗಿ ಹಿಂದಿನಿಂದ ಮೊದಲನೆಯವನಾಗಿ ಬಂದ್ಯಲ್ಲೋ!" ಎಂದರು. ಅಮ್ಮ, "ನೀವು ಬಾತ್‌ರೂಮಿನ ಬಕೆಟ್ಟಲ್ಲಿ ಈಜಿ ತೋರಿಸಿ ಮೊದಲು" ಎಂದು ಅವರ ಬಾಯಿ ಮುಚ್ಚಿಸಿದಳು. ನಾನು ಕತೆ ಹೇಳಿದೆ. ಅರ್ಹತಾ ಸುತ್ತಿನಲ್ಲಿ ಕಾಲಿಗೆ ಸೆಳೆತ ಬಂದು ಹಿಂದೆ ಬಿದ್ದೆನೆಂದೆ, ಆಮೇಲೆ ಸರಿಹೋಯಿತೆಂದೆ.

ಅಪ್ಪ ತಲೆಯೆತ್ತದೆ ಊಟ ಮಾಡುತ್ತಿದ್ದರು. ಅವರ ಎರಡೂ ಅಂಗೈಗಳಿಗೆ ಬಟ್ಟೆಪಟ್ಟಿ ಸುತ್ತಿದ್ದುದನ್ನು ಆಗ ಕಂಡೆ. ಅವರು ಚಮಚವನ್ನು ಕೆಳಗಿಟ್ಟು, ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ನನ್ನೆದುರು ಹಾಸಿದರು. ಅಂಚೆ ಮಾಮನ ತಂತಿ: "ಫೈನಲ್ ಸೇರಿದ. ನಮ್ಮ ಹಗ್ಗ ಒಂದು ಮೀಟರ್ ತಪ್ಪು."

"ನಿನ್ನ ಕಾಲಿಗೆ ಏನೂ ಆಗಿರ್ಲಿಲ್ಲ" ಎಂದರು ಅಪ್ಪ.

ನಾನು ಕಾಗದವನ್ನು ಮತ್ತೆ ಮಡಿಸಿ ಅವರತ್ತ ಸರಿಸಿದೆ.

"ಐದು ಮೀಟರ್ ಅಂತ ಅವತ್ತೇ ಬರೆದು ಕೊಟ್ಟಿದ್ರು ಕಣೋ. ಕಂಬ ನೆಡೋಕೆ ಸಿಮೆಂಟು ಒಡೀಬೇಕಾಗಿತ್ತು. ನಾಲ್ಕು ಮೀಟರ್‌ಗೆ ದೀಪದ ಕಂಬಗಳು ಇದ್ವು. ಒಂದು ಮೀಟರ್‌ಗೆ ಆಕಾಶ ಕಳಚಿ ಬೀಳುತ್ತಾ ಅಂದ್ಕೊಂಡು ಅದಕ್ಕೇ ಕಟ್ಟಿಬಿಟ್ಟೆ." ಅಂಗೈಯ ಪಟ್ಟಿಯನ್ನು ಒಮ್ಮೆ ನೋಡಿಕೊಂಡರು. "ಮೂರು ದಿನ ಸಿಮೆಂಟು ಒಡೆದೆ. ಹೊಸ ಕಂಬ ನಿಂತಿವೆ. ಮೂರು ಸಲ ಅಳೆದಿದ್ದೀನಿ."

"ಹೋಗ್ಲಿ ಬಿಡಿ ಅಪ್ಪ. ಯಾರಿಗೂ ಹೇಳಲ್ಲ ನಾನು."

"ಯಾಕೆ ಹೇಳಲ್ಲ?" ಅಪ್ಪನ ದನಿ ಗಡುಸಾಯಿತು. "ನಿನ್ನ ಚಿಕ್ಕಪ್ಪ ನಗ್ತಿದ್ದಾನೆ ನೋಡು, ಯಾಕೆ? ನೀನು ಗೆದ್ದದ್ದು ಏನು ಅಂತ ನೀನೇ ಬಚ್ಚಿಟ್ಟೆ. ನನ್ನ ತಪ್ಪು ಬಿಟ್ಟು ಹೇಳಿದ್ರೆ ಅಲ್ಲಿ ಉಳಿಯೋದು ಬರೀ ಎಂಟನೇ ನಂಬರು. ಅದನ್ನ ಸೇರಿಸಿಯೇ ಹೇಳು, ಯಾರಿಗೆ ಬೇಕಾದ್ರೂ ಹೇಳು."

ಚಿಕ್ಕಪ್ಪ ಬಾಗಿಲು ಬಿಟ್ಟು ಒಳಗೆ ಬಂದು ಮಣೆ ಎಳೆದುಕೊಂಡರು. ತಂಗಿ ಡಬ್ಬದಿಂದ ಧುಮುಕಿ ನನ್ನ ಮೊಣಕೈ ಹಿಡಿದಳು.

"ಅಂದ್ರೆ ಇಷ್ಟೊತ್ತು ಹೇಳಿದ್ದು ಸುಳ್ಳಾ? ಹೋಗಣ್ಣ ನೀನು! ಮೊದಲಿಂದ ಹೇಳು, ಇನ್ನೊಂದ್ಸಲ."