ಕಂಬದ ಮೇಲಿನ ಅತ್ತಿಗೆ

"ಏಯ್ ಮುಂಡೇದೆ, ಕಾಲ್ ನಡುಗಿಸ್ಬೇಡ! ಕ್ಯಾಮೆರಾದಲ್ಲಿ ಕಾಣುತ್ತೆ!"

ಮ್ಯಾನೇಜರ್ ಕೆಳಗೆ ಕುರ್ಚಿಯಲ್ಲಿ ಕೂತು ಕೂಗಿದ. ಅತ್ತಿಗೆ ನೀರಿನ ತೊಟ್ಟಿಯ ನಡುವೆ, ಎರಡಾಳೆತ್ತರದ ಕಂಬದ ತುದಿಯಲ್ಲಿ ನಿಂತಿದ್ದಳು. ಎರಡು ಪಾದ ಸರಿಯಾಗಿ ಹಿಡಿಸದಷ್ಟು ಜಾಗ. ಲೈಟು ಹೊಂದಿಸಿ ಮುಗಿಯುವವರೆಗೆ ಹಾಗೆ ನಿಲ್ಲುವುದು ಅವಳ ಕೆಲಸ. ಅದಕ್ಕೂ ಮುಂಚೆ ಸೆಟ್ಟು ಗುಡಿಸಿ ಒರೆಸುವುದು ನಮ್ಮಿಬ್ಬರ ಕೆಲಸ.

ಟೀವಿಯ ಆಟ ಅದು. ಸ್ಪರ್ಧಿ ಕಂಬ ಹತ್ತಿ, ನಿಂತಲ್ಲೇ ಪ್ರಶ್ನೆಗೆ ಉತ್ತರ ಹೇಳಬೇಕು. ಕೂತು ನೋಡುವವರು ಗುಂಡಿ ಒತ್ತಿ ಓಟು ಹಾಕುತ್ತಾರೆ. ಓಟು ಬೀಳದವರು ಮನೆಗೆ.

ಮೊದಲು ಲೈಟಿಗೆ ನಿಲ್ಲುತ್ತಿದ್ದವನು ನಮ್ಮಣ್ಣ. ಮೂರು ತಿಂಗಳ ಹಿಂದೆ, ತೊಟ್ಟಿಗಿನ್ನೂ ನೀರು ತುಂಬಿಸಿರದಾಗ ಬಿದ್ದ. ಈಗ ಸೊಂಟದ ಕೆಳಗೆ ಇರುವೆ ಕಚ್ಚಿದರೂ ಅವನಿಗೆ ಗೊತ್ತಾಗುವುದಿಲ್ಲ. ಕುಡಿದು ಬಿದ್ದ ಎಂದು ಮ್ಯಾನೇಜರ್ ಅಪಘಾತದ ಕಾಗದದಲ್ಲಿ ಬರೆದ; ಪರಿಹಾರ ಬಿಡಿಗಾಸೂ ಸಿಗಲಿಲ್ಲ. ಅಣ್ಣ ಹೆಂಡ ಮೂಸಿ ನೋಡಿದವನಲ್ಲ. ಅದನ್ನು ತಿದ್ದಿಸಲು ಅತ್ತಿಗೆ ನಾಲ್ಕು ಸಲ ಹೋದಳು.

"ಸುಮ್ನಿದ್ರೆ ಗಂಡನ ಜಾಗ ನಿನಗೆ. ಬಾಯ್ ಬಿಟ್ರೆ ನಿಮ್ಮಿಬ್ರಿಗೂ ಗೇಟು," ಎಂದ ಮ್ಯಾನೇಜರ್, ನನ್ನ ಕಡೆಗೂ ಬೆರಳು ತೋರಿಸಿ.

ಹೀಗೆ ಅವಳು ಕಂಬ ಹತ್ತಿದ್ದು.

ಕೊನೆಯ ಸುತ್ತು ನೇರ ಪ್ರಸಾರ. ಗೆಲ್ಲಿಸಬೇಕೆಂದು ಮೊದಲೇ ಗೊತ್ತುಮಾಡಿದ್ದ ನಟಿಗೆ ಅವತ್ತು ಕಂಬ ನೋಡುತ್ತಲೇ ತಲೆ ಸುತ್ತಿತು. ಮ್ಯಾನೇಜರ್ ಅವಳ ಬಟ್ಟೆ, ಮುಖ ಮುಚ್ಚುವ ಹೆಲ್ಮೆಟ್ ತಂದು ಅತ್ತಿಗೆಯ ಮುಂದೆ ಹಾಕಿದ.

"ನೀನ್ ನಿಂತ್ಕೋ. ಉತ್ತರ ಮೇಡಂ ಒಳಗಿಂದ ಹೇಳ್ತಾರೆ. ನೀನು ಗೊಂಬೆ. ಕೆಮ್ಮಲೂಬಾರದು."

"ಕಾಗದ ತಿದ್ದಿ ಕೊಡ್ತೀರಾ?"

"ನಿನ್ನಜ್ಜಿ ತಲೆ! ಹತ್ತು ಮೊದ್ಲು."

ಆಟ ನೋಡಲು ಕೂರುವ ಜನ ಸಾಲದೆ ಗುಡಿಸುವವರು, ಬಡಗಿಗಳು, ಇಸ್ತ್ರಿಯವರು ಎಲ್ಲರಿಗೂ ಕಂಪನಿಯ ಬಟ್ಟೆ ತೊಡಿಸಿ, ಮುಖಕ್ಕೆ ಪೌಡರು ಬಳಿದು ಹಿಂದಿನ ಸಾಲಲ್ಲಿ ಕೂರಿಸಿದರು. ನಗು ಎಂದರೆ ನಗಬೇಕು. ಕೆಂಪು ಎಂದರೆ ಕೆಂಪು ಗುಂಡಿ ಒತ್ತಬೇಕು.

"ಜಗತ್ತಿನ ಅತಿ ಎತ್ತರದ ಪ್ರಾಣಿ ಯಾವುದು?" ನಿರೂಪಕ ಕೇಳಿದ.

"ಆನೆ," ಎಂದಿತು ನಟಿಯ ದನಿ.

ನಾವು ಚಪ್ಪಾಳೆ ತಟ್ಟಿದೆವು. ತಟ್ಟಿ ಎಂದು ಕೈ ತೋರಿಸಿದ್ದರು.

ಅತ್ತಿಗೆ ಹೆಲ್ಮೆಟ್ ತೆಗೆದು ನೀರಿಗೆಸೆದಳು. "ಜಿರಾಫೆ," ಎಂದಳು. ಚಪ್ಪಾಳೆ ಹಿಡಿಯಲು ತೂಗುಬಿಟ್ಟ ಮೈಕು ಅವಳ ತಲೆಯ ಮೇಲೇ ಇತ್ತು. "ನಂದೂ ಒಂದ್ ಪ್ರಶ್ನೆ ಇದೆ. ಈ ಕಂಬದಿಂದ ಬಿದ್ದು ನನ್ನ ಗಂಡನ ಸೊಂಟ ಮುರೀತು. ಅವನು ಕುಡಿದಿದ್ನಾ, ಇಲ್ವಾ? ಕುಡಿದಿದ್ದ ಅನ್ನೋರು ಕೆಂಪು ಒತ್ತಿ. ಇಲ್ಲ ಅನ್ನೋರು ಹಸಿರು."

ನಿರೂಪಕನ ನಗು ಮುಖದಲ್ಲೇ ಉಳಿದಿತ್ತು; ತೆಗೆಯಲು ಅವನಿಗೆ ಯಾರೂ ಹೇಳಿರಲಿಲ್ಲ.

ನಾನು ಹಸಿರು ಒತ್ತಿದೆ. ಪಕ್ಕದ ಬಡಗಿ ಒತ್ತಿದ. ನಮ್ಮ ಸಾಲೆಲ್ಲ ಒತ್ತಿ, ದೊಡ್ಡ ಪರದೆಯ ಮೇಲೆ ಹಸಿರು ಹದಿನಾಲ್ಕಾಯಿತು. ಮುಂದಿನ ಸಾಲಿನ ಹೆಂಗಸೊಬ್ಬಳು, ನಮಗೆ ಗುರುತಿಲ್ಲದವಳು, ತಿರುಗಿ ನಮ್ಮ ಮುಖ ನೋಡಿ ತಾನೂ ಒತ್ತಿದಳು. ಹದಿನೈದು.

"ಜಾಹೀರಾತು ಹಾಕ್ರೋ!" ಮ್ಯಾನೇಜರ್ ಕಿರುಚಿದ. ಪರದೆ ಕಪ್ಪಾಯಿತು. "ಇಳಿಯೇ ಬೋಳಿ!"

"ಕಾಗದ ತಗೊಂಡ್ ಬಾ. ಇಲ್ಲೇ ತಿದ್ದು," ಅತ್ತಿಗೆ ಮೇಲಿನಿಂದಲೇ ಹೇಳಿದಳು.

"ನೀರು ಬಿಡ್ರೋ ಹೊರಗೆ! ಎಷ್ಟೊತ್ತು ನಿಲ್ತಾಳೆ ನೋಡೋಣ."

ತೂಬು ತೆಗೆದರು. ನೀರು ಗುಳುಗುಳು ಸದ್ದು ಮಾಡಿತು. ಅಣ್ಣ ಬಿದ್ದದ್ದೂ ನೀರಿಲ್ಲದ ಇದೇ ತೊಟ್ಟಿಗೆ.

ನಾನು ಚಪ್ಪಲಿ ಬಿಟ್ಟು ತೊಟ್ಟಿಗಿಳಿದೆ. ನೀರು ಎದೆಮಟ್ಟಕ್ಕಿತ್ತು. ಬಡಗಿ ಇಳಿದ. ಇಸ್ತ್ರಿಯವಳು ಇಳಿದಳು. ಒಬ್ಬೊಬ್ಬರಾಗಿ ಇಳಿದು ಕಂಬದ ಸುತ್ತ ನಿಂತೆವು.

"ಬಟ್ಟೆ ಕಂಪನೀದು ಕಣ್ರೋ, ಹಾಳಾಗುತ್ತೆ!" ಮ್ಯಾನೇಜರ್ ಅರಚಿದ.

ನೀರು ಸೊಂಟಕ್ಕಿಳಿಯಿತು. ಆಮೇಲೆ ಮೊಣಕಾಲಿಗೆ. ಅತ್ತಿಗೆಯ ಕಾಲು ನಡುಗುತ್ತಿತ್ತು. ಬಿದ್ದರೆ ಹಿಡಿಯಲು ನಾವು ಕೈ ಮೇಲೆತ್ತಿ ನಿಂತೆವು.