ಎಬ್ಬಿಸುವವಳು

ಸತ್ತ ನಾದಿನಿಯ ಗಲ್ಲದವರೆಗೆ ಹೊದಿಕೆ ಎಳೆಯುತ್ತಿದ್ದ ಅತ್ತಿಗೆ ಕೈ ನಿಲ್ಲಿಸಿದಳು.

“ನಮ್ಮನೆಯವರ ಆಪರೇಶನ್ ಮುಂದಕ್ಕೆ ಹಾಕೋಕಾಗಲ್ವಾ?”

“ಇಲ್ಲ ಅತ್ತಿಗೆ. ನಮ್ಮ ಅಳು ಮುಗೀಲಿ ಅಂತ ಕರುಳಿನ ಗೆಡ್ಡೆ ಕಾಯುತ್ತಾ? ನಾಳೆ ಬೆಳಿಗ್ಗೇನೇ,” ಎಂದಳು ಸತ್ತವಳ ಜೊತೆ ಕೆಲಸ ಮಾಡುತ್ತಿದ್ದ ನರ್ಸು.

ಸತ್ತವಳನ್ನು ಬೀದಿಯೆಲ್ಲ ನರ್ಸಮ್ಮ ಎನ್ನುತ್ತಿತ್ತು. ಅವಳದು ಒಂದೇ ಕೆಲಸ: ಆಪರೇಶನ್ ಮುಗಿದ ಮುದುಕ ಮುದುಕಿಯರನ್ನು ಅರಿವಳಿಕೆಯ ನಿದ್ದೆಯಿಂದ ಎಚ್ಚರಕ್ಕೆ ತರುವುದು. ನೀನು ಕಣ್ಣು ಬಿಟ್ಟಾಗ ನಾನಿರ್ತೀನಿ ಎಂದು ಅಣ್ಣನಿಗೂ ಮಾತು ಕೊಟ್ಟಿದ್ದಳು. ನಿನ್ನೆ ಕೆಲಸಕ್ಕೆ ಹೊರಟವಳು ಬಸ್ ಸ್ಟಾಪಿನಲ್ಲೇ ಎದೆ ಹಿಡಿದುಕೊಂಡು ಕುಸಿದಳು. ಸಾವೇನು ಹೇಳಿ ಕೇಳಿ ಬರುತ್ತದೆಯೇ, ಹಾಳಾದ್ದು.

ಅಣ್ಣ ಮೂಲೆಯ ಕುರ್ಚಿಯಲ್ಲಿ ಕೂತು ತಂಗಿಯ ಮುಖವನ್ನೇ ನೋಡುತ್ತಿದ್ದ. “ನನ್ನನ್ನ ಎಬ್ಬಿಸೋಳೇ ಮಲಗಿಬಿಟ್ಟಳಲ್ಲಪ್ಪ,” ಎಂದ, ಪಕ್ಕದಲ್ಲಿ ಕೂತವರಿಗೆ.

*

ಎರಡು ವರ್ಷದ ಹಿಂದೆ ಅವನಿಗೆ ಹರ್ನಿಯಾ ಆಪರೇಶನ್ ಆದಾಗ ನರ್ಸಮ್ಮ ಊರಲ್ಲಿರಲಿಲ್ಲ. ಕಳೆದುಹೋದೀತೆಂದು ಅತ್ತಿಗೆ ಕನ್ನಡಕ, ಕಿವಿಯ ಮಿಷನ್ನು, ಹಲ್ಲಿನ ಸೆಟ್ಟು ಎಲ್ಲವನ್ನೂ ಚೀಲಕ್ಕೆ ಹಾಕಿ ಮನೆಗೊಯ್ದಿದ್ದಳು. ಕಣ್ಣು ಕಾಣದೆ, ಕಿವಿ ಕೇಳದೆ ಎಚ್ಚರವಾದವನಿಗೆ ಗೋಡೆ ತುಂಬ ಹುಳ ಹರಿದಾಡುವುದು ಕಂಡಿತು. ಕೈಗೆ ಚುಚ್ಚಿದ್ದ ಸೂಜಿ ಕಿತ್ತೆಸೆದ. ಸಮಾಧಾನ ಮಾಡಹೋದ ಹೆಂಡತಿಯನ್ನು ಒದ್ದು, “ಯಾರೇ ನೀನು?” ಎಂದ.

ಮೂರನೆಯ ದಿನ ನರ್ಸಮ್ಮ ಬಂದು, ಕನ್ನಡಕ ಏರಿಸಿ, ಮಿಷನ್ನು ಕಿವಿಗೆ ಸಿಕ್ಕಿಸಿ, ಅವನ ಕೈ ಹಿಡಿದು, ತನ್ನ ರೋಗಿಗಳನ್ನು ಕರೆಯುವಂತೆ ಹೆಸರು ಹಿಡಿದು ಗಟ್ಟಿಯಾಗಿ ಕರೆದಳು.

“ಅಣ್ಣಾ, ನಾನು ಕಣೋ. ಇದು ಆಸ್ಪತ್ರೆ. ಆಪರೇಶನ್ ಮುಗೀತು. ಈಗ ಸಂಜೆ, ಕಿಟಕಿ ನೋಡು.”

ಹೇಳಿದ್ದನ್ನೇ ಹೇಳಿದಳು, ಬೇಸರವಿಲ್ಲದೆ. ಊಟದ ಹೊತ್ತಿಗೆ ಅವನು, “ನೀನ್ಯಾವಾಗ ಬಂದೆ?” ಎಂದ. ಹೊರಗೆ ಬಂದು ನರ್ಸಮ್ಮ, “ಈ ಸಲ ಸಿಕ್ಕಿದ, ಅತ್ತಿಗೆ. ಇನ್ನೊಂದು ಸಲ ಹೀಗೆ ಹೋದ್ರೆ ಪೂರ್ತಿ ವಾಪಸು ಬರ್ತಾನೆ ಅನ್ನೋಕಾಗಲ್ಲ,” ಎಂದಿದ್ದಳು.

*

“ನಾವೆಲ್ಲ ಇರ್ತೀವಿ. ಆದ್ರೆ ಆ ಮಂಪರಲ್ಲಿ ಗೊತ್ತಿರೋ ದನಿ ಬೇಕು,” ಎಂದಳು ಜೊತೆಯ ನರ್ಸು. “ನಿಮ್ಮನ್ನ ಒಳಗೆ ಬಿಡ್ತಾರೆ, ಡಾಕ್ಟರನ್ನ ಕೇಳಿದೀನಿ. ಹೆಸರು ಹಿಡಿದು ಕರೀಬೇಕು ನೀವು.”

“ಅಯ್ಯೋ, ಹೆಸರಾ! ಮದುವೆಯಾದಾಗಿಂದ ಒಂದು ದಿನ ಕರೆದಿಲ್ಲ. ‘ರೀ’ ಅಂದ್ರೆ ಸಾಲದಾ?”

“ಆ ರೂಮಲ್ಲಿ ಸಾಲಾಗಿ ಗಂಡಂದಿರೇ ಮಲಗಿರ್ತಾರೆ. ‘ರೀ’ ಅಂದ್ರೆ ಯಾರು ಏಳ್ಬೇಕು?”

ಬಾಗಿಲ ಬಳಿ ಯಾರೋ ಕಿಸಕ್ಕನೆ ನಕ್ಕು, ಹೆಣ ನೆನಪಾಗಿ ಬಾಯಿ ಮುಚ್ಚಿಕೊಂಡರು. ಅತ್ತಿಗೆಗೂ ನಗು ಬಂತು. ಅದರ ಹಿಂದೆಯೇ ಭಯವೂ ಬಂತು.

ಮಧ್ಯಾಹ್ನ ಹೆಣ ಒಯ್ಯುವ ವ್ಯಾನು ಬಂತು. ಕಾಯಿಲೆಯವನು ಸ್ಮಶಾನಕ್ಕೆ ಬರುವುದು ಬೇಡವೆಂದು ಅಣ್ಣನನ್ನು ಮನೆಯಲ್ಲೇ ಬಿಟ್ಟರು. ಅವನ ಕಾವಲಿಗೆ ಅತ್ತಿಗೆ. ನರ್ಸಮ್ಮನನ್ನು ಹೊತ್ತು ವ್ಯಾನು ಹೊರಟಿತು, ಬೀದಿ ಬರಿದಾಯಿತು. ಅವನು ಬಾಗಿಲಿಗೆ ಬೆನ್ನು ಮಾಡಿ ಅಂಗಳದ ಬೆಂಚಿನ ಮೇಲೆ ಕೂತಿದ್ದ. ಕಿವಿಯ ಮಿಷನ್ನಿಗೆ ಹೊಸ ಬ್ಯಾಟರಿ ಹಾಕಿತ್ತು. ನೀರು ಬೇಕೇನ್ರೀ ಎಂದು ಮೆಲ್ಲಗೆ ಕೇಳಿದರೂ ಬೇಡವೆಂದು ತಲೆಯಾಡಿಸಿದ.

ಅತ್ತಿಗೆ ಬಾಗಿಲಲ್ಲಿ ನಿಂತು, ಗಂಟಲು ಸರಿಮಾಡಿಕೊಂಡು, ಗಂಡನ ಹೆಸರು ಹಿಡಿದು ಕರೆದಳು. ಆ ದನಿ ಅವಳಿಗೇ ತನ್ನದೆನಿಸಲಿಲ್ಲ. ಇನ್ನೊಮ್ಮೆ, ಗಟ್ಟಿಯಾಗಿ ಕರೆದಳು.

ಅವನು ತಲೆ ಎತ್ತಿದ. ಹಿಂದಕ್ಕೆ ತಿರುಗಲಿಲ್ಲ. ಕೋಲೂರಿ ಎದ್ದು, “ಬಂದೆ, ಬಂದೆ,” ಎನ್ನುತ್ತ ಗೇಟು ತೆಗೆದು, ವ್ಯಾನು ಹೋದ ದಾರಿ ಹಿಡಿದ.