ಎರಡನೇ ಸಲ ಕೇಳದ ಊರು

ಇಂಗ್ಲಿಷರು ಜಿಪುಣರು ಎಂದು ನಾನು ತೀರ್ಮಾನಿಸಿದ್ದು ಇಂಗ್ಲೆಂಡಿನ ಹೇಸ್‌ಗೆ ಬಂದ ಮೊದಲ ವಾರದಲ್ಲೇ. ಪಕ್ಕದ ಮನೆಯ ಮೌರೀನ್ ಎಂಬ ಮುದುಕಿ ಒಳಗೆ ಕರೆದು ಕೂರಿಸಿ, ಚಾ ಕುಡಿಯುತ್ತೀಯಾ ಎಂದು ಕೇಳಿದಳು. ಬೇಡ ಬೇಡ, ಈಗಷ್ಟೇ ಕುಡಿದು ಬಂದೆ ಎಂದೆ. ಕುಡಿದಿರಲಿಲ್ಲ. ನಮ್ಮ ಊರು ಶಿರ್ವದ ಕಡೆ ಯಾರ ಮನೆಗೆ ಹೋದರೂ ಮೊದಲು ಹಾಗೆಯೇ ಹೇಳುವುದು. ಮನೆಯವರು ಅರ್ಧ ಗ್ಲಾಸಾದರೂ ಕುಡಿಯಿರಿ ಎನ್ನುತ್ತಾರೆ, ನಾವು ಪುನಃ ಬೇಡ ಎನ್ನುತ್ತೇವೆ, ಮೂರನೇ ಸಲಕ್ಕೆ ಚಾದ ಜೊತೆ ಚಕ್ಕುಲಿಯೂ ಬರುತ್ತದೆ. ಮೌರೀನ್ ಮಾತ್ರ ಸರಿ ಎಂದವಳೇ ತನಗೊಬ್ಬಳಿಗೆ ಚಾ ಮಾಡಿಕೊಂಡು ಬಂದು ನನ್ನ ಎದುರಿಗೇ ಕೂತು ಕುಡಿದಳು. ಬಿಸ್ಕತ್ತನ್ನು ಅದ್ದಿ ಅದ್ದಿ ತಿಂದಳು. ನಾನು ಅವಳ ಗೋಡೆಯ ಮೇಲಿನ ಬೆಕ್ಕಿನ ಫೋಟೋಗಳನ್ನು ಹೊಗಳಿ, ಬಾಯಾರಿಕೊಂಡು ಮನೆಗೆ ಬಂದೆ.

ಆಮೇಲೆ ಎಷ್ಟು ಮನೆಗಳಿಗೆ ಹೋದರೂ ಅದೇ ಕತೆ. ಈ ಊರಿನಲ್ಲಿ ಎರಡನೇ ಸಲ ಕೇಳುವ ಪದ್ಧತಿಯೇ ಇಲ್ಲ. ಕೊಡುವ ಮನಸ್ಸಿದ್ದರಲ್ಲವೇ ಕೇಳುವುದು ಎಂದು ನನ್ನ ಗಂಡ ಕ್ರಿಸ್ಟೋಫರನಿಗೆ ಹೇಳಿ ಹೇಳಿ ಅವನ ಕಿವಿ ತೂತಾಗಿತ್ತು. ಅವನಿಗೆ ಈ ಸಮಸ್ಯೆ ಇರಲಿಲ್ಲ. ಅವನು ನಾಚಿಕೆ ಬಿಟ್ಟವನು, ಮೊದಲ ಸಲಕ್ಕೇ ಕೈ ಚಾಚುತ್ತಾನೆ.

ನಾನು ಫ್ಲೋರಿನ್. ಊರಿನ ಕಾನ್ವೆಂಟಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವಳು. ನಾನು ಕಾರಿಡಾರಿನಲ್ಲಿ ಬರುತ್ತಿದ್ದರೆ ಮಕ್ಕಳು ಉಸಿರು ಬಿಡಲೂ ಅನುಮತಿ ಕೇಳುತ್ತಿದ್ದರು ಎಂದು ಹೆಡ್‌ಮಿಸ್ಟ್ರೆಸ್ ಸಿಸ್ಟರ್ ನಗೆಯಾಡುತ್ತಿದ್ದರು. ಇಂಗ್ಲಿಷರ ಊರಿಗೆ ಬಂದ ಮೇಲೆ ನನ್ನ ಇಂಗ್ಲಿಷ್ ಯಾರಿಗೂ ಬೇಡವಾಯಿತು. ಒಮ್ಮೆ ಸಿಟ್ಟಿನಲ್ಲಿ ಕೊರಿಯಾದ ಟೀಚರ್ ಕೆಲಸಕ್ಕೂ ಅರ್ಜಿ ಹಾಕಿದೆ. ಅಲ್ಲಿ ಪಾಠ ಹೇಳಲು ಇಂತಿಂಥ ದೇಶದ ಪಾಸ್‌ಪೋರ್ಟೇ ಬೇಕಂತೆ, ನಮ್ಮದು ಆಗ ಆ ಪಟ್ಟಿಯಲ್ಲಿರಲಿಲ್ಲ. ನಾನು ಕೊರಿಯಾಕ್ಕೆ ಹೋಗಲಾಗದಿದ್ದರೇನು, ಅರ್ಧ ಕೊರಿಯಾವೇ ಇಲ್ಲಿಂದ ಎರಡು ಬಸ್ಸಿನ ದೂರದ ನ್ಯೂ ಮಾಲ್ಡನ್‌ಗೆ ಬಂದು ಕೂತಿದೆ ಎಂದು ಆಮೇಲೆ ತಿಳಿಯಿತು. ಅಲ್ಲಿನ ಹೈ ಸ್ಟ್ರೀಟಿನಲ್ಲಿ ನಡೆದರೆ ಬೋರ್ಡುಗಳೆಲ್ಲ ಕೊರಿಯನ್, ಬೇಕರಿ ಕೊರಿಯನ್, ಕ್ಷೌರದಂಗಡಿಯೂ ಕೊರಿಯನ್. ಅಲ್ಲೊಂದು ದಿನಸಿ ಅಂಗಡಿಯ ಮಹಡಿಯಲ್ಲಿ ಶನಿವಾರ ದೊಡ್ಡವರಿಗೆ ಇಂಗ್ಲಿಷ್ ಕ್ಲಾಸು ನಡೆಸಲು ಬ್ರಿಟಿಷ್ ಟೀಚರ್ ಬೇಕಾಗಿದ್ದರು. ಅಂಗಡಿಯ ಯಜಮಾನ ನನ್ನನ್ನು ನೋಡಿ, ಬ್ರಿಟಿಷ್ ಟೀಚರ್ ನನ್ನ ಹಿಂದೆ ಮೆಟ್ಟಿಲು ಹತ್ತಿ ಬರುತ್ತಿದ್ದಾರೇನೋ ಎಂದು ಇಣುಕಿದ. ಬೆನ್ನು ನೆಟ್ಟಗೆ ಮಾಡಿ ಕೂತುಕೊಳ್ಳಿ, ಆಮೇಲೆ ಮಾತಾಡೋಣ ಎಂದೆ. ಅವನು ಕೂತ. ಕೆಲಸ ಸಿಕ್ಕಿತು.

ಮೊದಲ ದಿನ ಕ್ಲಾಸಿನವರು ಕೇಳಿದ ಮೊದಲ ಪ್ರಶ್ನೆ, ಟೀಚರ್ ನಿಮಗೆ ವಯಸ್ಸೆಷ್ಟು? ನನಗೆ ಮೈಯೆಲ್ಲ ಉರಿಯಿತು. ಯಾರು ದೊಡ್ಡವರು ಯಾರು ಚಿಕ್ಕವರು ಎಂದು ಗೊತ್ತಾಗದಿದ್ದರೆ ಅವರಿಗೆ ಒಂದು ವಾಕ್ಯವನ್ನೂ ಆಡಲಾಗುವುದಿಲ್ಲ ಎಂಬುದು ತಿಳಿದದ್ದು ಆಮೇಲೆ. ನಮ್ಮವರು ಮಾತ್ರ ಏನು ಕಮ್ಮಿ, ಯಾವ ಊರು, ಯಾರ ಮಗಳು, ಯಾವ ಚರ್ಚು ಎಂದು ಜಾತಕ ಜಾಲಾಡದೆ ನೀರೂ ಕೊಡುವುದಿಲ್ಲ. ವಯಸ್ಸು ಹೇಳಿದೆ. ಎಲ್ಲರಿಗೂ ಸಮಾಧಾನವಾಯಿತು.

ಕ್ಲಾಸಿನಲ್ಲಿ ಎಲ್ಲರಿಗಿಂತ ಹಿರಿಯರು ಮಿಸ್ಟರ್ ಹಾನ್, ನಿವೃತ್ತ ಹಡಗು ಎಂಜಿನಿಯರ್. ನಾನು ಏನು ಕೇಳಿದರೂ ಅವರು ಉತ್ತರ ಕೊಡುವ ತನಕ ಬೇರೆ ಯಾರೂ ಬಾಯಿ ಬಿಡುವುದಿಲ್ಲ. ಅವರಿಗೋ ಉತ್ತರ ಗೊತ್ತಿರುವುದಿಲ್ಲ. ಉತ್ತರ ಗೊತ್ತಿದ್ದ ಹುಡುಗಿಯರು ನೆಲ ನೋಡುತ್ತ ಕೂತಿರುತ್ತಾರೆ, ಕೆಳಗಿನ ಅಂಗಡಿಯ ಫ್ರಿಜ್ ಗುಂಯ್ಗುಡುವುದು ಕೇಳುತ್ತದೆ. ಹೋಮ್‌ವರ್ಕನ್ನು ಎರಡೂ ಕೈಯಲ್ಲಿ ಹಿಡಿದು ತಲೆಬಾಗಿ ಕೊಡುತ್ತಾರೆ. ನನ್ನ ಮಗಳು ಎಲೀಷಾ ತನ್ನ ಸ್ಕೂಲಿನಲ್ಲಿ ಟೀಚರನ್ನು ಹೆಸರು ಹಿಡಿದು ಕರೆದು ಬರುವವಳು. ನನಗೆ ಈ ಮಹಡಿಯೇ ಸ್ವರ್ಗವೆನಿಸಿತು. ಮಧ್ಯಾಹ್ನ ಎಲ್ಲರೂ ಡಬ್ಬ ಬಿಚ್ಚುತ್ತಿದ್ದರು. ಅವರದು ಮೆಣಸಿನಲ್ಲಿ ಕೆಂಪಾದ ಮೂಲಂಗಿ ಉಪ್ಪಿನಕಾಯಿ ಕಿಮ್ಚಿ, ನನ್ನ ಒಣ ಸಿಗಡಿ ಚಟ್ನಿ. ಹೇಸ್‌ನಲ್ಲಿ ಈ ಚಟ್ನಿ ಮಾಡಿದರೆ ಮೌರೀನ್ ಕಿಟಕಿ ಮುಚ್ಚುತ್ತಾಳೆ. ಮಿಸ್ಟರ್ ಹಾನ್ ಒಂದು ಚಮಚ ಬಾಯಿಗಿಟ್ಟು, ತೀರಿಹೋದ ತಾಯಿಯ ನೆನಪಾಯಿತು ಎಂದು ಕಣ್ಣೊರೆಸಿಕೊಂಡರು.

ಕ್ಲಾಸಿನಲ್ಲಿ ನನಗೆ ತುಂಬ ಹತ್ತಿರದವರು ಮಿಸೆಸ್ ಯೂನ್. ವಿಧವೆ, ನನಗಿಂತ ಸ್ವಲ್ಪ ದೊಡ್ಡವರು, ಒಂದು ರೆಸ್ಟೋರೆಂಟಿನ ಅಡುಗೆಮನೆಯಲ್ಲಿ ಕೆಲಸ. ಅವರು ಎದ್ದು ಹೊರಡುವಾಗ ಮೊಮ್ಮಗಳು ಸ್ಕೂಲಿನಲ್ಲಿರುತ್ತಾಳೆ, ಮರಳುವಾಗ ಮಲಗಿರುತ್ತಾಳೆ. ಒಂದೇ ಮನೆಯಲ್ಲಿದ್ದೂ ಆ ಐದು ವರ್ಷದ ಮಗುವಿಗೆ ಅಜ್ಜಿ ಎಂದರೆ ಫ್ರಿಜ್ಜಿನೊಳಗೆ ಸಿಗುವ ಡಬ್ಬಗಳು, ಅಷ್ಟೆ. ಈಗ ಆ ಮಗುವಿನ ಸ್ಕೂಲಿನ ಅಡುಗೆಮನೆಯಲ್ಲೇ ಒಂದು ಕೆಲಸ ಖಾಲಿ ಬಿದ್ದಿತ್ತು. ಸಿಕ್ಕಿದರೆ ದಿನಾ ಮಧ್ಯಾಹ್ನ ತಟ್ಟೆ ಹಿಡಿದು ಸಾಲಿನಲ್ಲಿ ಬರುವ ಮೊಮ್ಮಗಳಿಗೆ ತಾನೇ ಬಡಿಸಬಹುದು, ಸಂಜೆ ಕೈ ಹಿಡಿದು ಮನೆಗೆ ಕರೆದೊಯ್ಯಬಹುದು. ಟೀಚರ್, ನನಗೆ ಈ ಕೆಲಸ ಬೇಕು ಎಂದು ಅವರು ಹೇಳಿದಾಗ ದನಿ ನಡುಗಿತು.

ಇಂಟರ್‌ವ್ಯೂಗೆ ತಯಾರು ಮಾಡುವ ಜವಾಬ್ದಾರಿ ನನ್ನದು. ನಾನು ಬಿಡುತ್ತೇನೆಯೇ. ಇಡೀ ಶನಿವಾರ ಮಿಸ್ಟರ್ ಹಾನ್ ಹೆಡ್‌ಟೀಚರಾಗಿ ಕೂತರು, ಮಿಸೆಸ್ ಯೂನ್ ಬಾಗಿಲು ತಟ್ಟಿ ಬಂದರು. ಯಾರಾದರೂ ಏನಾದರೂ ಕೊಡಲು ಬಂದರೆ ಹಸಿದವರ ಹಾಗೆ ಮುಗಿಬೀಳಬಾರದು ಎಂದೆ. ತನ್ನನ್ನು ತಾನೇ ಹೊಗಳಿಕೊಳ್ಳಬಾರದು, ಎದುರಿನವರು ಒತ್ತಾಯ ಮಾಡಿದ ಮೇಲೆ ಒಪ್ಪಿಕೊಳ್ಳಬೇಕು, ಅದೇ ಮರ್ಯಾದೆ. ಕ್ಲಾಸು ಒಟ್ಟಿಗೆ ತಲೆಯಾಡಿಸಿತು. ಕೊರಿಯಾದಲ್ಲೂ ಹಾಗೆಯೇ, ಇಂಗ್ಲೆಂಡಿನಲ್ಲೂ ಹಾಗೆಯೇ ಎಂದು ತಿಳಿದು ಅವರಿಗೆ ಖುಷಿಯಾಯಿತು. ಶಿರ್ವದ ಮರ್ಯಾದೆಯನ್ನು ನಾನು ಇಂಗ್ಲೆಂಡಿನದು ಎಂದು ಕಲಿಸುತ್ತಿದ್ದೇನೆ ಎಂಬ ಅನುಮಾನ ನನಗೆ ಒಂದು ಚೂರೂ ಬರಲಿಲ್ಲ. ಅದು ಎಲ್ಲ ಮನುಷ್ಯರ ಮರ್ಯಾದೆ, ಪಾಲಿಸದವರು ಜಿಪುಣರು ಎಂದಷ್ಟೇ ನನ್ನ ಲೆಕ್ಕವಾಗಿತ್ತು.

ಮುಂದಿನ ಶನಿವಾರ ಮಿಸೆಸ್ ಯೂನ್ ದೊಡ್ಡ ಕ್ರೀಮ್ ಕೇಕಿನೊಂದಿಗೆ ಬಂದರು. ಇಂಟರ್‌ವ್ಯೂ ತುಂಬ ಚೆನ್ನಾಗಿ ಆಯಿತಂತೆ. ಹೆಡ್‌ಟೀಚರ್ ಮಿಸೆಸ್ ವಿಟ್‌ಕಂಬ್ ಚಾ ಬೇಕೇ ಎಂದರು, ಇವರು ಬೇಡ ಎಂದರು. ಅಡುಗೆ ಚೆನ್ನಾಗಿ ಬರುತ್ತದೆಯೇ ಎಂದರು, ಇವರು ಏನೂ ಬರುವುದಿಲ್ಲ, ಇನ್ನೂ ಕಲಿಯುತ್ತಿದ್ದೇನೆ ಎಂದರು. ಆಮೇಲೆ ಅಡುಗೆಮನೆಗೆ ಕರೆದೊಯ್ದು ಒಂದು ಸೂಪ್ ಮಾಡಿಸಿದರಂತೆ. ಅಲ್ಲಿದ್ದವರೆಲ್ಲ ಎರಡೆರಡು ಸಲ ಹಾಕಿಸಿಕೊಂಡರಂತೆ. ಕೊನೆಗೆ ಹೆಡ್‌ಟೀಚರ್, ನೀವು ಬಂದರೆ ನಮಗೆ ತುಂಬ ಸಂತೋಷ, ಬರುತ್ತೀರಾ ಎಂದು ಕೇಳಿದರು.

"ನಾನು ಹೇಳಿದೆ, ನೋ ನೋ, ಥ್ಯಾಂಕ್ ಯೂ, ನನಗೆ ಅಷ್ಟು ಯೋಗ್ಯತೆ ಇಲ್ಲ," ಎಂದರು ಮಿಸೆಸ್ ಯೂನ್, ಮುಖವರಳಿಸಿಕೊಂಡು.

ಕ್ಲಾಸು ಚಪ್ಪಾಳೆ ತಟ್ಟಿತು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ನಾನು. ಹೆಡ್‌ಟೀಚರ್ ಅಯ್ಯೋ ಎಂದು ಬಾಗಿಲ ತನಕ ಬಂದು ಕಳಿಸಿಕೊಟ್ಟರಂತೆ. ಇನ್ನು ಎರಡನೇ ಸಲ ಫೋನ್ ಮಾಡಿ ಕೇಳುತ್ತಾರೆ ಎಂದು ನಾವೆಲ್ಲ ಕೇಕು ತಿಂದೆವು.

ಫೋನ್ ಬರಲಿಲ್ಲ. ಸೋಮವಾರ ಬರಲಿಲ್ಲ, ಮಂಗಳವಾರವೂ ಬರಲಿಲ್ಲ. ಮಿಸೆಸ್ ಯೂನ್ ಫೋನನ್ನು ಏಪ್ರನ್ನಿನ ಜೇಬಿನಲ್ಲಿಟ್ಟುಕೊಂಡೇ ಈರುಳ್ಳಿ ಕೊಚ್ಚುತ್ತಿದ್ದರಂತೆ. ಇನ್ನೂ ಇಲ್ಲ ಟೀಚರ್ ಎಂದು ದಿನಾ ನನಗೆ ಮೆಸೇಜ್. ಗುರುವಾರದ ಹೊತ್ತಿಗೆ ನನ್ನ ಪಿತ್ತ ನೆತ್ತಿಗೇರಿತ್ತು. ಊಟಕ್ಕೆ ಕೂತಾಗ ಇಂಗ್ಲಿಷರ ಜನ್ಮ ಜಾಲಾಡಿದೆ.

ಕ್ರಿಸ್ಟೋಫರ್ ನನ್ನ ಪರವಾಗಿಯೇ ಇದ್ದ. "ಎಂತ ಜನ ಮಾರಾಯ್ತಿ, ಒಂದು ಫೋನ್ ಮಾಡ್ಲಿಕ್ಕೆ ಆಗುದಿಲ್ವಾ ಅವರಿಗೆ?"

ಎಲೀಷಾ ತಟ್ಟೆಯಿಂದ ತಲೆ ಎತ್ತಿದಳು. ನಮ್ಮ ಮಾತೆಲ್ಲ ಅವಳಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಬಟ್ ಮಮ್, ಶೀ ಸೆಡ್ ನೋ."

ಅದು ಮರ್ಯಾದೆಯ ನೋ ಎಂದು ವಿವರಿಸಿದೆ. ಇಲ್ಲಿ ಅಂಥದ್ದೊಂದು ಇಲ್ಲ ಎಂದಳು ಅವಳು. ಬೇಡ ಎಂದವರನ್ನು ಮತ್ತೆ ಕೇಳುವುದೇ ಇಲ್ಲಿ ಅಮರ್ಯಾದೆಯಂತೆ, ಅವರ ಮಾತಿಗೆ ಬೆಲೆ ಕೊಡದ ಹಾಗೆ ಆಗುತ್ತದಂತೆ. ನರ್ಸರಿಯಿಂದಲೇ ಅವರಿಗೆ ಅದನ್ನು ಕಲಿಸುತ್ತಾರಂತೆ. ಮೌರೀನ್ ಆಂಟಿ ಪಾಪ, ನಿನಗೆ ಚಾ ಎಂದರೆ ಆಗುವುದಿಲ್ಲ ಎಂದುಕೊಂಡಿದ್ದಾಳೆ, ನನ್ನ ಹತ್ತಿರ ಕೇಳಿಯೂ ಇದ್ದಳು ಎಂದಳು.

ನನ್ನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಇಷ್ಟು ವರ್ಷ ನೆಲವೇ ಡೊಂಕು ಎಂದುಕೊಂಡು ಕುಣಿದಿದ್ದೆ. ಅಷ್ಟಾದರೆ ಸಾಯಲಿ, ನನ್ನ ಬಾಯಾರಿಕೆ ನನ್ನದು. ಆದರೆ ಮಿಸೆಸ್ ಯೂನ್ ಮೊಮ್ಮಗಳನ್ನು ಕಳೆದುಕೊಂಡದ್ದು ನನ್ನ ಪಾಠದಿಂದ. ತಟ್ಟೆ ಬಿಟ್ಟು ಎದ್ದು ಸ್ಕೂಲಿಗೊಂದು ಇಮೇಲ್ ಬರೆದೆ. ಮರುದಿನ ಉತ್ತರ ಬಂತು. ಮಂಗಳವಾರ ಬೇರೆಯವರು ಇಂಟರ್‌ವ್ಯೂಗೆ ಬರುತ್ತಿದ್ದಾರೆ, ಬೇಕಿದ್ದರೆ ಸೋಮವಾರ ಬೆಳಿಗ್ಗೆ ಬಂದು ಮಾತಾಡಬಹುದು ಎಂದಿತ್ತು.

ಉಳಿದದ್ದು ಒಂದು ಶನಿವಾರ. ಕ್ಲಾಸಿನಲ್ಲಿ ಸತ್ಯ ಹೇಳಿದೆ. ಯಾರೂ ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಮಿಸೆಸ್ ಯೂನ್ ಮಾತ್ರ ಬೆಳ್ಳಗಾದರು. ಬೇಡ ಎಂದು ಬಂದವಳು ತಾನಾಗಿ ಹೋಗಿ ಬೇಕು ಎನ್ನುವುದು ಹೇಗೆ ಟೀಚರ್, ಮುಖ ಎಲ್ಲಿಡಲಿ ಎಂದರು. ಎಲ್ಲಿಯೂ ಇಡುವುದು ಬೇಡ, ಎದುರಿಗೇ ಇಟ್ಟು ಯೆಸ್ ಪ್ಲೀಸ್ ಎನ್ನಿ ಎಂದೆ.

ಹೇಳುವುದು ಸುಲಭ. ನಾನು ಬೇಕರಿಯಿಂದ ತಂದ ಕೇಕಿನ ತಟ್ಟೆ ಹಿಡಿದು ಒಬ್ಬೊಬ್ಬರ ಮುಂದೆಯೂ ನಿಂತೆ, ಮೊದಲ ಸಲಕ್ಕೇ ಯೆಸ್ ಪ್ಲೀಸ್ ಎಂದು ತೆಗೆದುಕೊಳ್ಳಬೇಕು. ಹಿರಿಯರಾದ್ದರಿಂದ ಮಿಸ್ಟರ್ ಹಾನ್ ಶುರು ಮಾಡಬೇಕಾಯಿತು. ಅವರು ಯೆಸ್ ಎಂದರು, ಕೈ ಮಾತ್ರ ತಾನಾಗಿ ಬೇಡ ಬೇಡ ಎಂದು ಆಡಿತು. ಎರಡೂ ಕೈಗಳ ಮೇಲೆ ಕೂತುಕೊಳ್ಳಲು ಹೇಳಿದೆ. ಒಬ್ಬ ಹುಡುಗಿ ಯೆಸ್ ಎಂದವಳೇ ನಾಚಿಕೆಯಿಂದ ಕೇಕನ್ನು ಪಕ್ಕದವಳಿಗೆ ಕೊಟ್ಟುಬಿಟ್ಟಳು. ನಕ್ಕು ನಕ್ಕು ನಮಗೆ ಪಕ್ಕೆ ನೋವು ಬಂತು, ಕೆಳಗಿನ ಯಜಮಾನ ಮೇಲೆ ಬಂದು ಇಣುಕಿ ಹೋದ. ಮಿಸೆಸ್ ಯೂನ್ ನಗಲಿಲ್ಲ. ಬಾಯಿಯೊಳಗೇ ಜಪಮಾಲೆಯ ಪ್ರಾರ್ಥನೆಯ ಹಾಗೆ ಯೆಸ್ ಪ್ಲೀಸ್, ಯೆಸ್ ಪ್ಲೀಸ್ ಎನ್ನುತ್ತಿದ್ದರು.

ಸೋಮವಾರ ಬಸ್ಸು ಬದಲಿಸಿ ನ್ಯೂ ಮಾಲ್ಡನ್‌ಗೆ ಹೋಗಿ, ಅವರ ಜೊತೆ ಸ್ಕೂಲಿಗೆ ನಡೆದೆ. ಮಿಸೆಸ್ ವಿಟ್‌ಕಂಬ್ ಉದ್ದ ಕತ್ತಿನ, ಸೌಮ್ಯ ಕಣ್ಣಿನ ಹೆಂಗಸು. ಕೂತ ಕೂಡಲೇ ಚಾ ಬೇಕೇ ಎಂದು ಕೇಳಿದರು.

"ಯೆಸ್ ಪ್ಲೀಸ್," ಎಂದರು ಮಿಸೆಸ್ ಯೂನ್, ಪ್ರಶ್ನೆ ಮುಗಿಯುವ ಮೊದಲೇ. "ಎರಡು ಸಕ್ಕರೆ. ಬಿಸ್ಕತ್ತೂ ಪ್ಲೀಸ್."

ಅವರ ಕಿವಿಯ ತುದಿ ಕಿಮ್ಚಿಯಷ್ಟು ಕೆಂಪಾಗಿತ್ತು. ಹೆಡ್‌ಟೀಚರ್ ನನ್ನ ಕಡೆ ತಿರುಗಿ ನಿಮಗೆ ಎಂದರು. ಬೇಡ ಬೇಡ, ಈಗಷ್ಟೇ ಕುಡಿದು ಬಂದೆ ಎಂದೆ.

ಬಾಯಿಂದ ಬಿದ್ದ ಮೇಲೆಯೇ ನನಗೆ ಕೇಳಿಸಿದ್ದು. ಬೆಳಿಗ್ಗೆಯಿಂದ ಏನೂ ಕುಡಿದಿರಲಿಲ್ಲ. ಎರಡು ಕಪ್ಪು ಬಂತು, ಒಂದು ಅವರಿಗೆ, ಒಂದು ಇವರಿಗೆ. ನಾನು ಗೋಡೆಯ ಮೇಲಿನ ಮಕ್ಕಳ ಚಿತ್ರಗಳನ್ನು ಹೊಗಳಿದೆ.

ಅಂದಿನ ನೋ ಎಂದರೇನು ಎಂದು ವಿವರಿಸಿದೆ. ಪಾಠ ನನ್ನದು, ತಪ್ಪು ನನ್ನದು ಎಂದೆ. ಆ ದಿನ ಹೆಡ್‌ಟೀಚರಿಗೂ ತುಂಬ ಬೇಜಾರಾಗಿತ್ತಂತೆ, ನಮ್ಮ ಅಡುಗೆಮನೆ ಇವರಿಗೆ ಇಷ್ಟವಾಗಲಿಲ್ಲವೇನೋ ಎಂದು. ಆಮೇಲೆ ಮಿಸೆಸ್ ಯೂನ್ ಕಡೆ ತಿರುಗಿ, ಇಡೀ ಸ್ಕೂಲಿನ ಮಕ್ಕಳಿಗೆ ಅಡುಗೆ ಮಾಡಬಲ್ಲಿರಾ ಎಂದು ಕೇಳಿದರು.

"ಯೆಸ್. ನಾನು ತುಂಬ ಚೆನ್ನಾಗಿ ಮಾಡುತ್ತೇನೆ," ಎಂದರು ಅವರು. ಅಷ್ಟು ದೊಡ್ಡ ಜಂಬದ ಮಾತನ್ನು ಜೀವನದಲ್ಲಿ ಆಡಿರಲಿಲ್ಲ. ಕಣ್ಣಿನಲ್ಲಿ ನೀರು ತುಂಬಿತ್ತು.

ಹಾಗಾದರೆ ಬರುತ್ತೀರಾ ಎಂಬುದಕ್ಕೂ ಯೆಸ್ ಎಂದರು. ಮುಂದಿನ ವಾರದಿಂದ ಎಂದು ತೀರ್ಮಾನವಾಯಿತು. ನಾನು ಮೇಜಿನ ಕೆಳಗೆ ಅವರ ಕೈ ಹಿಡಿದೆ, ಅವರು ನನ್ನ ಬೆರಳು ಮುರಿಯುವಷ್ಟು ಬಿಗಿಯಾಗಿ ಹಿಡಿದರು. ಇನ್ನು ಏಳೋಣವೆಂದು ನಾನು ಬ್ಯಾಗು ಎತ್ತಿಕೊಂಡೆ. ಅವರು ಏಳಲಿಲ್ಲ. ಖಾಲಿ ಕಪ್ಪನ್ನು ಎರಡೂ ಕೈಯಲ್ಲಿ ಕೆಳಗಿಟ್ಟು ಹೆಡ್‌ಟೀಚರ್ ಕಡೆ ನೋಡಿದರು.

"ನನ್ನ ಟೀಚರಿಗೆ ಚಾ ಬೇಕು. ಅವರು ಒಂದು ಸಲ ಬೇಡ ಎಂದಿದ್ದಾರೆ. ಪ್ಲೀಸ್, ಇನ್ನು ಎರಡು ಸಲ ಕೇಳಿ."

ಮಿಸೆಸ್ ವಿಟ್‌ಕಂಬ್ ನಗುತ್ತಾರೆ ಎಂದುಕೊಂಡೆ. ನಗಲಿಲ್ಲ. ಗಂಭೀರವಾಗಿ ನನ್ನ ಕಡೆ ಬಾಗಿ, ಚಾ ಕುಡಿಯುತ್ತೀರಾ ಎಂದು ಕೇಳಿದರು. ತೊಂದರೆ ಯಾಕೆ ಎಂದೆ, ಅದೂ ತಾನಾಗಿ ಬಂದ ಮಾತು. ಮಿಸೆಸ್ ಯೂನ್ ಒಂದು ಬೆರಳೆತ್ತಿ, ಇನ್ನೊಂದು ಸಲ ಎಂದರು. ಅರ್ಧ ಕಪ್ಪಾದರೂ ಕುಡಿಯಿರಿ ಎಂದರು ಹೆಡ್‌ಟೀಚರ್.

ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ. ಅರ್ಧ ಕಪ್ಪು ಎಂಬುದು ಅವರಿಗೆ ಎಲ್ಲಿಂದ ಹೊಳೆಯಿತೋ. ನನಗೆ ಅಳು ಬಂತು. ಯೆಸ್ ಪ್ಲೀಸ್ ಎಂದೆ.

ಚಾ ಚೆನ್ನಾಗಿರಲಿಲ್ಲ. ಬಿಸಿನೀರಿಗೆ ಟೀ ಬ್ಯಾಗು ತೋರಿಸಿ ತೆಗೆದಿದ್ದರು, ಸಕ್ಕರೆ ಮರೆತಿದ್ದರು. ಪೂರ್ತಿ ಕುಡಿದೆ. ಸಂಜೆ ಹೇಸ್‌ಗೆ ಮರಳಿದವಳು ನಮ್ಮ ಮನೆಯ ಬಾಗಿಲು ದಾಟಿ ನೇರ ಹೋಗಿ ಮೌರೀನಳ ಬೆಲ್ ಒತ್ತಿದೆ.